ಮಣ್ಣಿನ ಕೆಲಸ ನಮ್ಮ ಕೈಗೆ ಬಂದಾಗ: ಜಲಕೃಷಿಗೆ ಪೋಷಕಾಂಶ ಆರಿಸುವ ಬಗೆ

(ಬೆಂಗಳೂರಿನಲ್ಲಿ ತಾರಸಿ ತೋಟ ಮಾಡುವ ಗೆಳೆಯರು ಸೇರಿದ್ದ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಜಲಕೃಷಿ ಅಂದರೆ ಮಣ್ಣಿಲ್ಲದೆ, ಪೋಷಕಾಂಶ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸುವುದು. ಕೇಳುಗರ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಮೇಜಿನ ಮೇಲಿರುವ ಈ ಎರಡು ಗಾಜಿನ ಲೋಟ ನೋಡಿ. ಒಂದರಲ್ಲಿ ಎರಡು ಚಮಚ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ್ದೇನೆ. ಇನ್ನೊಂದರಲ್ಲಿ ಎರಡು ಚಮಚ ಮೆಗ್ನೀಸಿಯಂ ಸಲ್ಫೇಟ್, ಅಂದರೆ ಎಪ್ಸಮ್ ಉಪ್ಪು ಇದೆ. ಎರಡೂ ತಿಳಿಯಾಗಿವೆ. ಈಗ ಇದನ್ನು ಅದಕ್ಕೆ ಸುರಿಯುತ್ತೇನೆ. ಸ್ವಲ್ಪ ಕಾಯೋಣ.

ನೋಡಿ, ನೀರುಮಜ್ಜಿಗೆಯ ಹಾಗೆ ಬೆಳ್ಳಗಾಯಿತು, ಅಲ್ವಾ? ತಳಕ್ಕೆ ಇಳಿಯುತ್ತಿರುವ ಬಿಳಿ ಪುಡಿ ಜಿಪ್ಸಮ್. ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಒಂದನ್ನೊಂದು ಹಿಡಿದುಕೊಂಡು ಕೂತುಬಿಟ್ಟವು. ಇನ್ನು ಬೇರಿಗೆ ಅವು ಸುಲಭಕ್ಕೆ ಸಿಗುವುದಿಲ್ಲ. ನೀವು ದುಡ್ಡು ಕೊಟ್ಟು ತಂದ ಎರಡು ಒಳ್ಳೆಯ ಗೊಬ್ಬರ ಲೋಟದ ತಳದಲ್ಲಿ ಕೆಸರಾಗಿ ಉಳಿಯಿತು.

ಅಂಗಡಿಯಲ್ಲಿ ಸಿಗುವ ಜಲಕೃಷಿ ಪೋಷಕಾಂಶ ಯಾಕೆ ಎ ಮತ್ತು ಬಿ ಎಂದು ಎರಡು ಬಾಟಲಿಯಲ್ಲಿ ಬರುತ್ತದೆ ಅನ್ನುವುದಕ್ಕೆ ಈ ಲೋಟವೇ ಉತ್ತರ. ಎ ಬಾಟಲಿಯಲ್ಲಿ ಕ್ಯಾಲ್ಸಿಯಂ ಇರುತ್ತದೆ. ಬಿ ಬಾಟಲಿಯಲ್ಲಿ ಸಲ್ಫೇಟ್ ಮತ್ತು ರಂಜಕ ಇರುತ್ತವೆ. ಗಟ್ಟಿಯಾಗಿರುವಾಗ ಇವು ಸೇರಬಾರದು. ಬಕೆಟ್ ತುಂಬಾ ನೀರಿನಲ್ಲಿ ತೆಳುವಾದ ಮೇಲೆ ಒಟ್ಟಿಗಿದ್ದರೆ ತೊಂದರೆ ಇಲ್ಲ. ಹಾಗಾಗಿ ಮೊದಲು ನೀರು, ಆಮೇಲೆ ಎ, ಚೆನ್ನಾಗಿ ಕಲಕಿ, ಆಮೇಲೆ ಬಿ. ಎರಡಕ್ಕೂ ಒಂದೇ ಅಳತೆ ಮುಚ್ಚಳ ಬಳಸುವುದಾದರೆ ನಡುವೆ ತೊಳೆಯಿರಿ.

ಇನ್ನು ನನ್ನ ಮೊದಲ ವರ್ಷದ ಕಥೆ ಹೇಳುತ್ತೇನೆ. ನಾನು ಹೇಳಬೇಕೆಂದಿರುವುದೆಲ್ಲ ಅದರಲ್ಲೇ ಇದೆ.

ತಾರಸಿಯ ಮೇಲೆ ಆರು ಬಕೆಟ್ ಇಟ್ಟು ಪಾಲಕ್ ಮತ್ತು ಲೆಟ್ಯೂಸ್ ಸಸಿ ಕೂರಿಸಿದ್ದೆ. ಗೊಬ್ಬರದ ಅಂಗಡಿಗೆ ಹೋಗಿ ನೀರಿನಲ್ಲಿ ಪೂರ್ತಿ ಕರಗುವ ಗೊಬ್ಬರ ಕೊಡಿ ಅಂದೆ. 19:19:19 ಕೊಟ್ಟರು, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇ. 19 ಇರುವ ಗೊಬ್ಬರ. ಹೆಸರು ಕೇಳಿದರೆ ಎಲ್ಲವೂ ಸಮವಾಗಿ ಇರುವ ಹಾಗೆ ಅನಿಸುತ್ತದೆ. ಹತ್ತು ದಿನ ಗಿಡ ಚೆನ್ನಾಗಿತ್ತು. ಆಮೇಲೆ ಹೊಸ ಎಲೆಗಳ ತುದಿ ಕಂದಾಗಿ ಸುಟ್ಟ ಹಾಗಾಯಿತು. ಎಲೆ ಮುದುಡಿಕೊಂಡಿತು. ಗಿಡಕ್ಕೆ ಹಸಿವಾಗಿದೆ ಅಂದುಕೊಂಡು ಇನ್ನೊಂದು ಚಮಚ ಹಾಕಿದೆ. ವಾರದೊಳಗೆ ಬೇರು ಕಂದಾಯಿತು. ಆರು ಬಕೆಟ್‌ನಲ್ಲಿ ಒಂದೂ ಉಳಿಯಲಿಲ್ಲ. ಮಗಳು ದಿನಾ ಶಾಲೆಗೆ ಹೋಗುವ ಮೊದಲು ಆ ಸಸಿಗಳನ್ನು ನೋಡಿಕೊಂಡು ಹೋಗುತ್ತಿದ್ದಳು. ಅವಳಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಅದೇ ಗೊಬ್ಬರವನ್ನು ಕುಂಡದ ಮಣ್ಣಿಗೆ ಹಾಕಿದ್ದರೆ ಪಾಲಕ್ ಚೆನ್ನಾಗಿ ಬರುತ್ತಿತ್ತು. ನೀರಿನಲ್ಲಿ ಯಾಕೆ ಸೋತಿತು? ಪ್ಯಾಕಿನ ಹಿಂಭಾಗ ಓದಿ. 19:19:19ರಲ್ಲಿರುವ ಶೇ. 19 ಸಾರಜನಕದಲ್ಲಿ ಶೇ. 10.5 ಯೂರಿಯಾ ರೂಪದಲ್ಲಿದೆ. ಶೇ. 4.5 ಅಮೋನಿಯಾ ರೂಪದಲ್ಲಿದೆ. ಗಿಡಕ್ಕೆ ಹೆಚ್ಚು ಹಿತವಾದ ನೈಟ್ರೇಟ್ ರೂಪದಲ್ಲಿರುವುದು ಶೇ. 4 ಮಾತ್ರ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾವನ್ನು ಅಮೋನಿಯಾ ಮಾಡುತ್ತವೆ, ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಹೊಸ ಬಕೆಟ್‌ನ ನೀರಿನಲ್ಲಿ ಆ ಕೆಲಸಗಾರರು ಸಾಕಷ್ಟು ಇಲ್ಲ. ಸಾರಜನಕ ಅರೆಬರೆ ದಾರಿಯಲ್ಲೇ ಅಮೋನಿಯಾ ಆಗಿ ನಿಲ್ಲುತ್ತದೆ. ಅದು ಜಾಸ್ತಿಯಾದರೆ ಬೇರಿಗೆ ವಿಷ. ಮೇಲಾಗಿ ಈ ಗೊಬ್ಬರದಲ್ಲಿ ಕ್ಯಾಲ್ಸಿಯಂ ಇಲ್ಲ, ಮೆಗ್ನೀಸಿಯಂ ಇಲ್ಲ. ಮಣ್ಣಿನಲ್ಲಿ ಅವು ಹೇಗೂ ಇರುತ್ತವೆ, ಅದಕ್ಕೇ ಆ ಪ್ಯಾಕಿನಲ್ಲಿ ಹಾಕುವ ಅಗತ್ಯ ಬಿದ್ದಿಲ್ಲ. ಗೊಬ್ಬರ ಕೆಟ್ಟದ್ದಲ್ಲ. ಅದು ಮಣ್ಣನ್ನು ನಂಬಿಕೊಂಡು ಮಾಡಿದ ಗೊಬ್ಬರ.

ನಾನು ಕಲಿತದ್ದು ಇದು. ಮಣ್ಣು ಸುಮ್ನೆ ಗಿಡವನ್ನು ಹಿಡಿದು ನಿಲ್ಲಿಸುವುದಿಲ್ಲ. ಅದು ಒಡೆಯುತ್ತದೆ, ಬೇಯಿಸುತ್ತದೆ, ಜಾಸ್ತಿಯಾದದ್ದನ್ನು ತನ್ನಲ್ಲಿ ಹಿಡಿದಿಟ್ಟು ಬೇಕಾದಾಗ ಬಿಡುತ್ತದೆ. ನಮ್ಮ ತಪ್ಪುಗಳನ್ನು ಎಷ್ಟೋ ಸಲ ಅದೇ ಸರಿಮಾಡಿರುತ್ತದೆ. ಮಣ್ಣನ್ನು ತೆಗೆದಾಗ ಆ ಕೆಲಸವೆಲ್ಲ ನಮ್ಮ ತಲೆಗೆ ಬರುತ್ತದೆ. ಯಾವ ಬಾಟಲಿ ತರಲಿ ಅನ್ನುವುದಕ್ಕಿಂತ, ಮಣ್ಣು ಕೊಡುತ್ತಿದ್ದದ್ದರಲ್ಲಿ ಇದು ಏನೇನು ಕೊಡುತ್ತದೆ ಎಂದು ಕೇಳಿ. ಈ ಪ್ರಶ್ನೆ ಹಿಡಿದುಕೊಂಡು ಅಂಗಡಿಗೆ ಹೋದರೆ ಅರ್ಧ ಗೊಂದಲ ಕಳೆಯುತ್ತದೆ.

(ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಮ್ಮ ಕೈ ಎತ್ತಿ, "ಹಾಗಾದರೆ ಜೀವಾಮೃತ ಹಾಕಬಹುದಲ್ವಾ? ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತೆ" ಎಂದು ಕೇಳಿದರು.)

ಒಳ್ಳೆಯ ಪ್ರಶ್ನೆ ಅಮ್ಮಾ. ಜೀವಾಮೃತದ ಬಗ್ಗೆ ನನಗೂ ಗೌರವ ಇದೆ, ನನ್ನ ಕರಿಬೇವಿಗೆ ಅದನ್ನೇ ಹಾಕುತ್ತೇನೆ. ಆದರೆ ಅದರ ಕೆಲಸ ನಡೆಯುವುದು ಮಣ್ಣಿನಲ್ಲಿ. ಬೆಲ್ಲ, ಹಿಟ್ಟು, ಸಗಣಿ ಮುಚ್ಚಿದ ಬಕೆಟ್ ನೀರಿಗೆ ಬಿದ್ದರೆ ಜೀವಿಗಳು ಒಂದೇ ಸಲ ಏರಿ ನೀರಿನ ಆಮ್ಲಜನಕವನ್ನೆಲ್ಲ ಉಸಿರಾಡಿಬಿಡುತ್ತವೆ. ಬೇರಿಗೆ ಉಸಿರು ಸಿಗುವುದಿಲ್ಲ. ಎರಡು ದಿನಕ್ಕೆ ವಾಸನೆ ಬರುತ್ತದೆ, ಬೇರು ಲೋಳೆಯಾಗುತ್ತದೆ. ಸಾವಯವ ದ್ರವಗಳಲ್ಲಿ ಜಲಕೃಷಿ ಮಾಡುವವರು ಇದ್ದಾರೆ, ಆದರೆ ಅವರು ಗಾಳಿ ಪಂಪು, ಸೂಕ್ಷ್ಮಜೀವಿಗಳಿಗೆ ಬೇರೆ ಜಾಗ ಎಲ್ಲ ಕಟ್ಟಿಕೊಂಡಿರುತ್ತಾರೆ. ಮೊದಲ ಬಕೆಟ್‌ಗೆ ಅದು ಬೇಡ. ನಿಮ್ಮ ಜೀವಾಮೃತ ಕುಂಡಗಳಿಗೇ ಇರಲಿ.

ಈಗ ನೀರಿನ ವಿಷಯ. ಪೋಷಕಾಂಶದ ಮಾತಿನಲ್ಲಿ ನೀರು ಯಾಕೆ ಅನ್ನಬೇಡಿ, ನಿಮ್ಮ ಮೊದಲ ಪೋಷಕಾಂಶ ನಲ್ಲಿಯಲ್ಲೇ ಬರುತ್ತಿದೆ. ಇದನ್ನು ಕಂಡುಕೊಂಡವರು ಇಂಗ್ಲೆಂಡಿನ ಜಾನ್ ವುಡ್‌ವರ್ಡ್. 1699ರಲ್ಲಿ ಅವರು ಪ್ರಕಟಿಸಿದ ಪ್ರಯೋಗದ ಗಿಡ ನಮ್ಮ ಅಡುಗೆಮನೆಯದೇ, ಪುದೀನ. ಮಳೆನೀರು, ಥೇಮ್ಸ್ ನದಿಯ ನೀರು, ತೋಟದ ಮಣ್ಣು ಕದಡಿದ ನೀರು, ಹೀಗೆ ಬೇರೆ ಬೇರೆ ನೀರಿನಲ್ಲಿ ಪುದೀನ ಇಟ್ಟು ತೂಕ ನೋಡಿದರು. ಮಳೆನೀರಿಗಿಂತ ನದಿಯ ನೀರಿನಲ್ಲಿ ಚೆನ್ನಾಗಿ ಬಂತು. ಮಣ್ಣು ಕದಡಿದ ನೀರಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂತು. ನೀರು ಬರೀ ನೀರಲ್ಲ, ಅದರಲ್ಲಿ ಏನೋ ಇದೆ ಎಂದು ಆಗ ಗೊತ್ತಾಯಿತು. ಆ ಏನೋ ಯಾವುದು ಎಂದು ಒಂದೊಂದಾಗಿ ಹೆಸರಿಡಲು ಇನ್ನೂ ನೂರೈವತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. 1860ರ ದಶಕದಲ್ಲಿ ಜರ್ಮನಿಯ ಸ್ಯಾಕ್ಸ್ ಮತ್ತು ಕ್ನೋಪ್ ಬರೀ ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡ ಬೆಳೆಸಿ ತೋರಿಸಿದರು.

ಬೆಂಗಳೂರಿನಲ್ಲಿ ನಮ್ಮ ನೀರು ಮೂರು ಥರ. ಕಾವೇರಿ, ಬೋರ್, ಮಳೆ. ಟ್ಯಾಂಕರ್ ಬಂದರೆ ಅದೂ ಹೆಚ್ಚಾಗಿ ಬೋರ್ ನೀರೇ. ಒಂದು ಪುಟ್ಟ ಇಸಿ ಮೀಟರ್ ತಗೊಳ್ಳಿ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ಅದು ವಿದ್ಯುತ್ ಹರಿಯುವ ಲೆಕ್ಕದಲ್ಲಿ ತೋರಿಸುತ್ತದೆ. ನಮ್ಮ ಮನೆಯ ಬೋರ್ ನೀರು ಏನೂ ಹಾಕದೆಯೇ 1.1 (ಸೆಂಟಿಮೀಟರಿಗೆ ಮಿಲಿಸೀಮನ್ಸ್ ಲೆಕ್ಕದಲ್ಲಿ) ತೋರಿಸುತ್ತದೆ. ಲೆಟ್ಯೂಸ್‌ಗೆ ಗೊಬ್ಬರ ಹಾಕಿದ ಮೇಲೆ ಇರಬೇಕಾದ ಮಟ್ಟವೇ ಸುಮಾರು 0.8ರಿಂದ 1.2. ಅಂದರೆ ನಾನು ಊಟ ಬಡಿಸುವ ಮೊದಲೇ ತಟ್ಟೆ ತುಂಬಿದೆ, ಅದೂ ಗಿಡಕ್ಕೆ ಅಷ್ಟಾಗಿ ಬೇಡದ ಪದಾರ್ಥಗಳಿಂದ. ಕಾವೇರಿ ನೀರು ಅದೇ ಮೀಟರಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ ತೋರಿಸಿತು. ತಾರಸಿಯಿಂದ ಹಿಡಿದ ಮಳೆನೀರು ಸೊನ್ನೆಯ ಹತ್ತಿರ.

ಬೋರ್ ನೀರಿನಲ್ಲಿ ಇನ್ನೊಂದು ವಿಷಯ ಇದೆ. ಪಾತ್ರೆಯಲ್ಲಿ, ಗೀಸರ್ ಕಾಯಿಲ್‌ನಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ. ಆ ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಪಿಎಚ್ ಅನ್ನು, ಅಂದರೆ ರಸಸಾರವನ್ನು, ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಜಲಕೃಷಿಗೆ ಪಿಎಚ್ 5.5ರಿಂದ 6.5 ಬೇಕು. ನೀವು ಇವತ್ತು ಇಳಿಸಿದರೆ ನಾಡಿದ್ದು ಮತ್ತೆ 7.5 ಆಗಿರುತ್ತದೆ. ಪಿಎಚ್ ಏರಿದಾಗ ಕಬ್ಬಿಣ ನೀರಿನಲ್ಲಿದ್ದೂ ಗಿಡಕ್ಕೆ ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಆಗ ಗೊಬ್ಬರ ಸುರಿದರೆ ಪ್ರಯೋಜನ ಇಲ್ಲ, ಪಿಎಚ್ ಇಳಿಸಬೇಕು.

ಹಾಗಾಗಿ ನನ್ನ ಸಲಹೆ, ಮೊದಲ ಬಕೆಟ್‌ಗೆ ಮಳೆನೀರು ಅಥವಾ ಕಾವೇರಿ ನೀರು ಬಳಸಿ. ಬೆಂಗಳೂರಿನಲ್ಲಿ ಹೊಸದಾಗಿ ಮನೆ ಕಟ್ಟುವಾಗ ಮಳೆನೀರು ಕೊಯ್ಲಿನ ನಿಯಮ ಇದೆ. ಎಷ್ಟೋ ಮನೆಗಳಲ್ಲಿ ತೊಟ್ಟಿ ಇದೆ, ಬಳಸುವವರು ಕಡಿಮೆ. ಆ ನೀರು ಜಲಕೃಷಿಗೆ ಬಂಗಾರ. ಬೋರ್ ಬಿಟ್ಟರೆ ಬೇರೆ ಇಲ್ಲ ಅನ್ನುವವರು ಅರ್ಧ ಮಳೆನೀರು ಬೆರೆಸಿಕೊಳ್ಳಿ. ಆರ್‌ಒ ಯಂತ್ರದ ಶುದ್ಧ ನೀರೂ ಆಗುತ್ತದೆ. ಆದರೆ ಅದು ಹೊರಗೆ ಬಿಡುವ ನೀರು ಬೇಡವೇ ಬೇಡ, ಎಲ್ಲ ಲವಣವೂ ಅದರಲ್ಲೇ ಸೇರಿರುತ್ತದೆ.

ಸರಿ, ಅಂಗಡಿಗೆ ಹೋಗೋಣ. ಗಿಡಕ್ಕೆ ಒಟ್ಟು 17 ಧಾತುಗಳು ಬೇಕು. ಮೂರು, ಅಂದರೆ ಇಂಗಾಲ, ಜಲಜನಕ, ಆಮ್ಲಜನಕ, ಗಾಳಿ ನೀರಿನಿಂದ ಸಿಗುತ್ತವೆ. ಉಳಿದ 14ನ್ನು ನಾವು ಕೊಡಬೇಕು. ಪ್ಯಾಕಿನ ಮುಂಭಾಗದಲ್ಲಿ ದೊಡ್ಡದಾಗಿ ಬರೆದ ಎನ್‌ಪಿಕೆ, ಅಂದರೆ ಸಾರಜನಕ, ರಂಜಕ, ಪೊಟ್ಯಾಸಿಯಂ, ಅದರಲ್ಲಿ ಮೂರು ಮಾತ್ರ. ನೀವು ಹಿಂಭಾಗ ತಿರುಗಿಸಿ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ ಇದೆಯಾ? ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ ಇದೆಯಾ? ಸಾರಜನಕ ಬಹುಪಾಲು ನೈಟ್ರೇಟ್ ರೂಪದಲ್ಲಿದೆಯಾ? ಕ್ಲೋರಿನ್ ಮತ್ತು ನಿಕ್ಕಲ್ ಬಗ್ಗೆ ಚಿಂತೆ ಬೇಡ, ನೀರು ಮತ್ತು ಲವಣಗಳ ಜೊತೆಯಲ್ಲೇ ಬೇಕಾದಷ್ಟು ಬಂದುಬಿಡುತ್ತವೆ. ಏನೇನಿದೆ ಎಂದು ಬರೆಯದೆ ಬರೀ ಹಸಿರು ಎಲೆಯ ಚಿತ್ರ ಹಾಕಿದ ಬಾಟಲಿಯನ್ನು ನಾನು ಕೊಳ್ಳುವುದಿಲ್ಲ.

ಹೊಸಬರಿಗೆ ನನ್ನ ಆಯ್ಕೆ ಸ್ಪಷ್ಟ. ಮೊದಲ ಮೂರು ತಿಂಗಳು ಸಿದ್ಧವಾದ ಎ ಮತ್ತು ಬಿ ಜೋಡಿ ತಗೊಳ್ಳಿ. ದ್ರವಕ್ಕಿಂತ ಪುಡಿ ಲಾಭ, ದ್ರವದಲ್ಲಿ ನೀವು ಕೊಳ್ಳುವುದು ಬಹುಪಾಲು ನೀರು. ಗ್ರೋ, ಬ್ಲೂಮ್, ಬೂಸ್ಟರ್ ಎಂದು ಬೇರೆ ಬೇರೆ ಬಾಟಲಿಗಳು ಇರುತ್ತವೆ. ಸೊಪ್ಪು ಬೆಳೆಯುವವರಿಗೆ ಅವು ಯಾವುವೂ ಬೇಡ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬಗ್ಗೆ ಇಲ್ಲಿ ಹಲವರು ಕೇಳಿದಿರಿ. ಅವರ ಅರ್ಕಾ ಸಸ್ಯ ಪೋಷಕ್ ರಸ್ ಎಂಬುದು ಮಣ್ಣಿಲ್ಲದೆ ಕೋಕೋಪೀಟ್‌ನಲ್ಲಿ ತರಕಾರಿ ಬೆಳೆಯಲು ಮಾಡಿದ ದ್ರವ ಪೋಷಕಾಂಶ. ತೆಂಗಿನ ನಾರಿನ ಪುಡಿಯಲ್ಲಿ ಟೊಮೆಟೊ, ಬದನೆ ಬೆಳೆಯುವವರು ಅದನ್ನು ನೋಡಬಹುದು. ಅದೇ ಸಂಸ್ಥೆಯ ಅರ್ಕಾ ವೆಜಿಟೆಬಲ್ ಸ್ಪೆಷಲ್ ಬೇರೆ. ಅದು ಎಲೆಗೆ ಸಿಂಪಡಿಸುವ ಸೂಕ್ಷ್ಮ ಪೋಷಕಾಂಶ. ಎರಡನ್ನೂ ಗೊಂದಲ ಮಾಡಿಕೊಂಡು ಬಕೆಟ್‌ಗೆ ಹಾಕಬೇಡಿ.

ಮೂರು ತಿಂಗಳು ಕಳೆದ ಮೇಲೆ ಕೈ ಪಳಗುತ್ತದೆ. ಆಗ ಬಿಡಿ ಲವಣಗಳಿಗೆ ಬನ್ನಿ. ಇವೆಲ್ಲ ಡ್ರಿಪ್ ಹಾಕಿದ ದಾಳಿಂಬೆ, ದ್ರಾಕ್ಷಿ, ಟೊಮೆಟೊ ಬೆಳೆಗಾರರು ಬಳಸುವ ಗೊಬ್ಬರಗಳೇ, ಕೋಲಾರ ಚಿಕ್ಕಬಳ್ಳಾಪುರದ ಕಡೆಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಸೊಪ್ಪಿಗೆ ನಾನು ಬಳಸುವ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. 20 ಲೀಟರ್ ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ 12 ಗ್ರಾಂ. 13:0:45, ಅಂದರೆ ಪೊಟ್ಯಾಸಿಯಂ ನೈಟ್ರೇಟ್ 6 ಗ್ರಾಂ. 0:52:34, ಅಂದರೆ ಮೋನೋ ಪೊಟ್ಯಾಸಿಯಂ ಫಾಸ್ಫೇಟ್ 3 ಗ್ರಾಂ. ಎಪ್ಸಮ್ ಉಪ್ಪು 6 ಗ್ರಾಂ. ಇದರಿಂದ ಲೀಟರಿಗೆ ಸುಮಾರು 130 ಮಿಲಿಗ್ರಾಂ ಸಾರಜನಕ, 34 ರಂಜಕ, 150ಕ್ಕೂ ಸ್ವಲ್ಪ ಜಾಸ್ತಿ ಪೊಟ್ಯಾಸಿಯಂ, 114 ಕ್ಯಾಲ್ಸಿಯಂ, 29 ಮೆಗ್ನೀಸಿಯಂ ಸಿಗುತ್ತದೆ. ಮಳೆನೀರಿನಲ್ಲಿ ಮಾಡಿದರೆ ಇಸಿ 1.2ರ ಆಸುಪಾಸು ಬರುತ್ತದೆ.

ಇಲ್ಲಿ ಒಂದು ಲೆಕ್ಕದ ಬಲೆ ಇದೆ. 0:52:34 ಅಂದರೆ ಶೇ. 52 ರಂಜಕ ಅಲ್ಲ. ಪ್ಯಾಕಿನ ಮೇಲೆ ಬರೆಯುವುದು ರಂಜಕದ ಆಕ್ಸೈಡ್ ಲೆಕ್ಕ. ನಿಜವಾದ ರಂಜಕ ಬೇಕಾದರೆ 0.436ರಿಂದ ಗುಣಿಸಿ. ಪೊಟ್ಯಾಷ್‌ನಿಂದ ಪೊಟ್ಯಾಸಿಯಂ ಬೇಕಾದರೆ 0.83ರಿಂದ ಗುಣಿಸಿ. ಹೊರದೇಶದ ಸೂತ್ರಗಳನ್ನು ನಮ್ಮ ಪ್ಯಾಕಿಗೆ ಹೋಲಿಸುವಾಗ ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಕ್ಯಾಲಿಫೋರ್ನಿಯಾದ ಹೋಗ್ಲಂಡ್ ಮತ್ತು ಅರ್ನಾನ್ 1938ರಲ್ಲಿ ಕೊಟ್ಟ ಹೆಸರಾಂತ ದ್ರಾವಣದಲ್ಲಿ ಸಾರಜನಕ 210, ರಂಜಕ 31 ಎಂದು ಧಾತುವಿನ ಲೆಕ್ಕದಲ್ಲೇ ಇದೆ. ಸೊಪ್ಪಿಗೆ ಆ ದ್ರಾವಣ ಪೂರ್ತಿ ಬಲದಲ್ಲಿ ಬೇಡ, ಅರ್ಧ ಬಲವೇ ಸಾಕಾಗುತ್ತದೆ.

ಸೂಕ್ಷ್ಮ ಪೋಷಕಾಂಶದಲ್ಲಿ ತುಂಬಾ ಎಚ್ಚರ ಬೇಕು. ಕಬ್ಬಿಣ ಲೀಟರಿಗೆ 2ರಿಂದ 3 ಮಿಲಿಗ್ರಾಂ ಸಾಕು. ಬೋರಾನ್ ಅರ್ಧ ಮಿಲಿಗ್ರಾಂ. ಬೋರಾನ್‌ನಲ್ಲಿ ಬೇಕಾದ್ದಕ್ಕೂ ವಿಷಕ್ಕೂ ಅಂತರ ಬಹಳ ಕಡಿಮೆ. ಅಡುಗೆಮನೆಯ ತಕ್ಕಡಿ ಇದಕ್ಕೆ ಆಗುವುದಿಲ್ಲ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು. ಮೊದಲು ಸಿದ್ಧ ಪುಡಿ ತಗೊಳ್ಳಿ ಎಂದು ನಾನು ಹೇಳಿದ್ದು ಈ ಕಾರಣಕ್ಕೇ. ಕೊಳ್ಳುವಾಗ ಚೀಲೇಟೆಡ್ ಎಂದು ಬರೆದದ್ದನ್ನೇ ಆರಿಸಿ. ಕಬ್ಬಿಣವನ್ನು ಬರಿಗೈಲಿ ನೀರಿಗೆ ಬಿಟ್ಟರೆ ತುಕ್ಕಾಗಿ ತಳ ಸೇರುತ್ತದೆ. ಚೀಲೇಟ್ ಅನ್ನುವುದು ಅದನ್ನು ಹಿಡಿದುಕೊಂಡು ಬೇರಿನವರೆಗೆ ತಲುಪಿಸುವ ಕೈ. ಇಡಿಟಿಎ ಎಂಬ ಚೀಲೇಟ್ ಪಿಎಚ್ 6.5 ದಾಟಿದರೆ ಹಿಡಿತ ಬಿಡುತ್ತದೆ. ಡಿಟಿಪಿಎ 7ರವರೆಗೂ ಹಿಡಿಯುತ್ತದೆ. ಇಡಿಡಿಎಚ್‌ಎ ಅದಕ್ಕಿಂತ ಮೇಲೂ ಹಿಡಿಯುತ್ತದೆ, ಬೆಲೆ ಜಾಸ್ತಿ, ನೀರಿಗೆ ಕೆಂಪು ಬಣ್ಣ ಬರುತ್ತದೆ. ಬೋರ್ ನೀರು ಬಿಟ್ಟರೆ ಗತಿ ಇಲ್ಲ ಅನ್ನುವವರಿಗೆ ಮಾತ್ರ ಆ ಖರ್ಚು.

ಇಟ್ಟುಕೊಳ್ಳುವ ವಿಷಯ. ಕ್ಯಾಲ್ಸಿಯಂ ನೈಟ್ರೇಟ್ ಗಾಳಿಯ ತೇವ ಕುಡಿಯುತ್ತದೆ. ಜುಲೈ ತಿಂಗಳಲ್ಲಿ ಪ್ಯಾಕು ಒಡೆದು ಹಾಗೇ ಇಟ್ಟರೆ ವಾರದಲ್ಲಿ ಬೆಲ್ಲದ ಪಾಕದಂತೆ ಆಗುತ್ತದೆ. ಮಂಗಳೂರು ಕಡೆಯವರಿಗೆ ಇದು ವರ್ಷವಿಡೀ ಇರುವ ಕಾಟ. ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. 13:0:45 ಬೆಂಕಿ ಹೆಚ್ಚಿಸುವ ಲವಣ, ಒಲೆಯ ಹತ್ತಿರ ಬೇಡ. ಸಕ್ಕರೆ ಉಪ್ಪಿನ ಡಬ್ಬಿಗಳ ಜೊತೆ ಇವನ್ನು ಖಂಡಿತ ಇಡಬೇಡಿ, ನೋಡಲು ಹಾಗೇ ಇರುತ್ತವೆ. ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿ. ಒಂದು ಕಿಲೋ ಕ್ಯಾಲ್ಸಿಯಂ ನೈಟ್ರೇಟ್‌ನಿಂದ ನನ್ನ ಲೆಕ್ಕದಲ್ಲಿ 1,600 ಲೀಟರಿಗೂ ಜಾಸ್ತಿ ದ್ರಾವಣ ಆಗುತ್ತದೆ. ಹಾಗಾಗಿ ದೊಡ್ಡ ಚೀಲ ತರಬೇಡಿ, ಮೂರ್ನಾಲ್ಕು ಮನೆಯವರು ಸೇರಿ ಹಂಚಿಕೊಳ್ಳಿ.

(ಹಿಂದಿನಿಂದ ಒಬ್ಬ ಹುಡುಗ, "ಸರ್, ನನ್ನ ಟಿಡಿಎಸ್ ಪೆನ್ 600 ತೋರಿಸುತ್ತೆ, ಅದು ಜಾಸ್ತಿನಾ ಕಡಿಮೆನಾ?" ಎಂದು ಕೇಳಿದ.)

ಅದು ಪೆನ್ ಯಾವ ಲೆಕ್ಕದಲ್ಲಿದೆ ಅನ್ನುವುದರ ಮೇಲಿದೆ. ಎಲ್ಲ ಪೆನ್‌ಗಳೂ ಒಳಗೆ ಅಳೆಯುವುದು ಇಸಿಯನ್ನೇ. ಕೆಲವು ಅದನ್ನು 500ರಿಂದ ಗುಣಿಸುತ್ತವೆ, ಕೆಲವು 700ರಿಂದ. ಮೊದಲನೆಯದಾದರೆ ನಿನ್ನ ಇಸಿ 1.2, ಎರಡನೆಯದಾದರೆ 0.85ರ ಹತ್ತಿರ. ಇಷ್ಟು ಅಂತರ ಇರುವುದರಿಂದ ನಾನು ಯಾವಾಗಲೂ ಇಸಿಯಲ್ಲೇ ಮಾತಾಡುತ್ತೇನೆ. ನಿನ್ನ ಪೆನ್‌ನಲ್ಲಿ ಇಸಿ ತೋರಿಸುವ ಗುಂಡಿ ಇದೆಯಾ ನೋಡು. ಇನ್ನೊಂದು ವಿಷಯ ತಿಳಿದಿರಲಿ. ಯೂರಿಯಾ ಈ ಮೀಟರಿಗೆ ಕಾಣುವುದೇ ಇಲ್ಲ, ಯಾಕೆಂದರೆ ಅದು ನೀರಿನಲ್ಲಿ ವಿದ್ಯುತ್ ಒಯ್ಯುವುದಿಲ್ಲ. ನಾನು ಆ ವರ್ಷ ಮೀಟರ್ ಇಟ್ಟುಕೊಂಡಿದ್ದರೂ 19:19:19ರ ಅರ್ಧ ಸಾರಜನಕ ಅದಕ್ಕೆ ತಪ್ಪಿಸಿಕೊಳ್ಳುತ್ತಿತ್ತು.

ಮೀಟರ್ ಕೈಯಲ್ಲಿದ್ದರೆ ಗಿಡ ಮಾತಾಡುವುದು ಕೇಳಿಸುತ್ತದೆ. ನೀರು ಇಳಿದು ಇಸಿ ಏರಿದರೆ, ಗಿಡ ನೀರು ಜಾಸ್ತಿ ಕುಡಿದಿದೆ, ಬರೀ ನೀರು ಸೇರಿಸಿ. ನೀರೂ ಇಳಿದು ಇಸಿಯೂ ಇಳಿದರೆ ಹಸಿದಿದೆ, ಪೋಷಕಾಂಶ ಸೇರಿಸಿ. ಏಪ್ರಿಲ್ ಬಿಸಿಲಿನಲ್ಲಿ ಮೊದಲನೆಯದೇ ಜಾಸ್ತಿ ಕಾಣುತ್ತದೆ, ಅದಕ್ಕೇ ಬೇಸಿಗೆಯಲ್ಲಿ ನಾನು ದ್ರಾವಣವನ್ನು ತೆಳುವಾಗಿಯೇ ಮಾಡುತ್ತೇನೆ. ಬೀಜ ಮೊಳೆತು ನಿಜವಾದ ಎಲೆ ಬರುವವರೆಗೆ ಬರೀ ನೀರು ಸಾಕು. ಆಮೇಲೆ ಅರ್ಧ ಬಲ. ಪಾಲಕ್ ಸ್ವಲ್ಪ ಹೊಟ್ಟೆಬಾಕ, 1.8ರ ಮೇಲೂ ಚೆನ್ನಾಗಿ ಬರುತ್ತದೆ. ಟೊಮೆಟೊಗೆ 2ರ ಮೇಲೆ ಬೇಕು. ಲೆಟ್ಯೂಸ್ ಮತ್ತು ಪಾಲಕ್ ಒಂದೇ ಬಕೆಟ್‌ನಲ್ಲಿ ಇಟ್ಟರೆ ಒಂದಕ್ಕೆ ಅನ್ಯಾಯ ಆಗುತ್ತದೆ.

ಪಿಎಚ್‌ಗೆ ಪೆನ್ ಬೇಡವಾದರೆ ಮೀನಿನ ತೊಟ್ಟಿಯ ಅಂಗಡಿಯಲ್ಲಿ ಸಿಗುವ ಬಣ್ಣದ ಹನಿಗಳೇ ಸಾಕು. ಮೊದಲು ಪೋಷಕಾಂಶ ಬೆರೆಸಿ, ಆಮೇಲೆ ಪಿಎಚ್ ನೋಡಿ. ಲವಣಗಳೇ ಅದನ್ನು ಸ್ವಲ್ಪ ಇಳಿಸಿರುತ್ತವೆ. ನಿಂಬೆರಸ ಹಾಕಿದರೂ ಇಳಿಯುತ್ತದೆ, ಆದರೆ ಸೂಕ್ಷ್ಮಜೀವಿಗಳು ಅದನ್ನು ತಿಂದುಹಾಕುವುದರಿಂದ ಒಂದೆರಡು ದಿನದಲ್ಲಿ ಮತ್ತೆ ಏರುತ್ತದೆ. ತೆಳುಮಾಡಿದ ಫಾಸ್ಫಾರಿಕ್ ಆಮ್ಲದ ಪಿಎಚ್ ಡೌನ್ ಬಾಟಲಿ ಒಳ್ಳೆಯದು. ಹನಿ ಹನಿಯಾಗಿ ನೀರಿಗೆ ಹಾಕಿ. ಕೈಗವಸು ಇರಲಿ.

ಒಂದು ಲೆಟ್ಯೂಸ್ ಗಿಡ ಬಿತ್ತನೆಯಿಂದ ಕೊಯ್ಲಿನವರೆಗೆ ಸುಮಾರು 4 ಲೀಟರ್ ನೀರು ಕುಡಿಯುತ್ತದೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಈ ಲೆಕ್ಕದ ಮೇಲೆಯೇ ಪಂಪು, ಕರೆಂಟು ಯಾವುದೂ ಇಲ್ಲದ ವಿಧಾನ ತೋರಿಸಿಕೊಟ್ಟರು. ಬಣ್ಣದ ಡಬ್ಬಿಯಂಥ 20 ಲೀಟರ್ ಬಕೆಟ್‌ನಲ್ಲಿ ಮೂರ್ನಾಲ್ಕು ಗಿಡ ಕೂರಿಸಿ, ಒಂದೇ ಸಲ ದ್ರಾವಣ ತುಂಬಿ. ನೀರು ಇಳಿದಂತೆ ಮೇಲಿನ ಬೇರು ಗಾಳಿಯಲ್ಲಿ ಉಸಿರಾಡುತ್ತದೆ. ಒಳಗೆ ಬೆಳಕು ಹೋಗದ ಹಾಗೆ ಮುಚ್ಚಿ, ಇಲ್ಲದಿದ್ದರೆ ಪಾಚಿ ನಿಮ್ಮ ಪೋಷಕಾಂಶ ತಿನ್ನುತ್ತದೆ. ಶುರು ಮಾಡುವವರಿಗೆ ಇದಕ್ಕಿಂತ ಸರಳ ದಾರಿ ನನಗೆ ಗೊತ್ತಿಲ್ಲ.

(ಕೊನೆಗೆ ಒಬ್ಬರು, "ಕೊಯ್ಲಾದ ಮೇಲೆ ಬಕೆಟ್ ತಳದಲ್ಲಿ ಉಳಿದ ನೀರನ್ನು ಏನು ಮಾಡಬೇಕು?" ಎಂದು ಕೇಳಿದರು.)

ಮೋರಿಗೆ ಸುರಿಯಬೇಡಿ. ಅದರಲ್ಲಿ ಇನ್ನೂ ನೈಟ್ರೇಟ್, ರಂಜಕ ಇರುತ್ತವೆ, ಹರಿದು ಕೆರೆ ಸೇರಿದರೆ ಅಲ್ಲಿ ಕಳೆ, ಪಾಚಿ ಬೆಳೆಸುತ್ತವೆ. ಒಂದಕ್ಕೆ ಎರಡು ಪಾಲು ನೀರು ಬೆರೆಸಿ ಮಣ್ಣಿನ ಕುಂಡಗಳಿಗೆ ಹಾಕಿ. ನಮ್ಮ ಮನೆಯಲ್ಲಿ ಅದು ದಾಸವಾಳಕ್ಕೆ ಹೋಗುತ್ತದೆ. ಈ ಲೋಟದ ಬಿಳಿ ನೀರನ್ನೂ ಹಾಗೇ ತೆಳುಮಾಡಿ ಇವತ್ತು ಅದಕ್ಕೇ ಹಾಕುತ್ತೇನೆ. ಬೇರಿಗೆ ಸಿಗದ ಜಿಪ್ಸಮ್ ಅನ್ನು ಮಣ್ಣು ನಿಧಾನವಾಗಿ ಬಿಡಿಸಿ ಕೊಡುತ್ತದೆ.